ಪುಟದ ಕೆಳಗಿನ ಸಾಲು

ಜೂನ್ 9, 2003, ಸೋಮವಾರ

ಎಲ್ಲರೂ ಪೆನ್ನು ಸಿಕ್ಕಿಸಿಕೊಳ್ಳುವ ಜೇಬಿನಲ್ಲಿ ಶೀನಣ್ಣ ಒಂದು ಟಾರ್ಚ್ ಸೆಲ್ಲು ಇಟ್ಟುಕೊಂಡಿರುತ್ತಾರೆ. ಇವತ್ತು ಬೆಳಿಗ್ಗೆ ಗಮನಿಸಿದೆ. ಅಂಗಡಿಯ ಷಟರ್ ಎತ್ತಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಒಂದು ಸ್ಪೀಕರನ್ನು ತೊಡೆಯ ಮೇಲಿಟ್ಟುಕೊಂಡು ಅದರ ಎರಡು ತಂತಿಗಳನ್ನು ಸೆಲ್ಲಿನ ಎರಡು ತುದಿಗೆ ಮುಟ್ಟಿಸಿದರು. ಟಪ್ ಎಂದಿತು. ಸ್ಪೀಕರಿನ ಕಪ್ಪು ಕಾಗದ ಕೂದಲೆಳೆಯಷ್ಟು ಮುಂದೆ ಬಂತು.

"ಮುಂದೆ ಬಂದ್ರೆ ಸರಿಯಾಗಿದೆ ಅಂತ. ಹಿಂದೆ ಹೋದ್ರೆ ಪ್ಲಸ್ಸು ಮೈನಸ್ಸು ಉಲ್ಟಾ" ಎಂದರು. ನಾನು ಕೇಳಿರಲಿಲ್ಲ. ಕೇಳಬೇಕೆಂದುಕೊಳ್ಳುತ್ತಿದ್ದೆ, ಅಷ್ಟೆ.

ಕೆಲಸಕ್ಕೆ ಸೇರಿ ಒಂದು ವಾರವಾಯಿತು. ಜೆ.ಸಿ. ರಸ್ತೆಯ ಹಿಂದಿನ ಓಣಿಯಲ್ಲಿ ಕಾರುಗಳಿಗೆ ಸ್ಟೀರಿಯೋ ಹಾಕಿಕೊಡುವ ಅಂಗಡಿ. ಮಾಲೀಕರು ಶಿವರುದ್ರಪ್ಪನವರು. ಹದಿನೆಂಟು ವರ್ಷದಿಂದ ಅಲ್ಲಿ ತಂತಿ ಕೂಡಿಸುತ್ತಿರುವವರು ಶೀನಣ್ಣ. ಬಿಲ್ಲು ಬರೆಯುವುದು, ಫೋನು ಎತ್ತುವುದು ನನ್ನ ಕೆಲಸ. ಕನ್ನಡ ಎಂ.ಎ. ಎಂದಾಗ ಮಾಲೀಕರು, "ಅಕ್ಷರ ದುಂಡಗಿದ್ಯೇನಮ್ಮ?" ಎಂದು ಮಾತ್ರ ಕೇಳಿದರು.

ಇದಕ್ಕೂ ಮೊದಲು ಎರಡು ಕಾಲೇಜುಗಳವರು ನನ್ನಿಂದ ಪಾಠ ಮಾಡಿಸಿ ನೋಡಿದ್ದರು. ನನ್ನ ಧ್ವನಿ ಮೂರನೇ ಬೆಂಚಿಗೆ ಕೇಳಿಸುವುದಿಲ್ಲವಂತೆ. ಈಗ ಧ್ವನಿ ದೊಡ್ಡದು ಮಾಡುವ ಅಂಗಡಿಗೇ ಸೇರಿದ್ದೇನೆ. ಅಮ್ಮನಿಗೆ ಹೇಳಿದರೆ ಅವಳಿಗೆ ನಗು ಬರಲಿಲ್ಲ.

ಜೂನ್ 18, ಬುಧವಾರ

ಬ್ಯಾಂಕಿನವರೊಬ್ಬರು ಬಂದಿದ್ದರು. ಡಬ್ಬದ ಮೇಲೆ ಸಾವಿರ ವ್ಯಾಟ್ ಎಂದು ಬರೆದಿದ್ದ ಆಂಪ್ಲಿಫೈಯರಿನ ಮೇಲೆ ಅವರ ಕಣ್ಣು. ಶೀನಣ್ಣ ಕೈ ಒರೆಸಿಕೊಳ್ಳುತ್ತ ಬಂದು, "ಯಾರಿಗೆ ಕೇಳಿಸ್ಬೇಕು ಸಾರ್? ನಿಮಗೋ, ಬೀದಿಗೋ?" ಎಂದರು.

"ನಮಗೇನಪ್ಪ. ನಾನು, ನಮ್ಮನೆಯವ್ರು."

"ಹಂಗಾದ್ರೆ ಆಂಪ್ ಯಾಕೆ? ಮುಂದಿನ ಬಾಗಿಲಿನ ಸ್ಪೀಕರ್ ಎರಡು ಬದಲಾಯ್ಸಿ, ಸಾಕು. ಡಬ್ಬದ ಮೇಲಿರೋ ಸಾವಿರ ಡಬ್ಬಕ್ಕೆ ಮಾತ್ರ."

ಅವರು ಎರಡು ಸ್ಪೀಕರು ಹಾಕಿಸಿಕೊಂಡು ಖುಷಿಯಾಗಿ ಹೋದರು. ಮಾಲೀಕರು ಕನ್ನಡಕದ ಮೇಲಿನಿಂದ ನೋಡಿ, "ಶೀನಾ, ನೀನು ನನ್ನ ಅಂಗಡಿ ಮುಚ್ಸಕ್ಕೇ ಹುಟ್ಟಿದೀಯ ಕಣೋ" ಎಂದರು.

"ಹದಿನೆಂಟು ವರ್ಷದಿಂದ ಟ್ರೈ ಮಾಡ್ತಿದೀನಿ ಸಾರ್. ಆಗ್ತಾ ಇಲ್ಲ."

ಮಧ್ಯಾಹ್ನ ನಾನೇ ಧೈರ್ಯ ಮಾಡಿ ಕೇಳಿದೆ, ಆಂಪ್‌ಗಳಲ್ಲಿ ಎರಡು ಚಾನೆಲ್, ನಾಲ್ಕು ಚಾನೆಲ್ ಎಂದರೇನು ಎಂದು. ಟೀ ಲೋಟ ಕೆಳಗಿಟ್ಟು ಹೇಳಿದರು:

"ನಿಮ್ಮನೇಲಿ ಸಂಪಿದ್ಯಾ, ಮೋಟ್ರಿದ್ಯಾ? ಆಂಪ್ ಅಂದ್ರೆ ಮೋಟ್ರು. ಚಾನೆಲ್ ಅಂದ್ರೆ ನಲ್ಲಿ. ನಾಕು ಚಾನೆಲ್ ಅಂದ್ರೆ ನಾಕು ನಲ್ಲಿ, ಮುಂದೆ ಎರಡು ಸ್ಪೀಕರು, ಹಿಂದೆ ಎರಡು. ಹಿಂದೆ ದೊಡ್ಡ ವೂಫರ್, ಅಂದ್ರೆ ಧಿಮ್ ಧಿಮ್ ಅನ್ನೋ ಬಾಸ್ ಸ್ಪೀಕರು, ಹಾಕ್ಬೇಕು, ಅದಕ್ಕೆ ಜೋರು ಸಾಲ್ದು ಅಂದ್ರೆ, ಎರಡು ನಲ್ಲಿ ಸೇರಿಸಿ ಒಂದು ಮಾಡ್ತೀವಿ. ಬ್ರಿಡ್ಜ್ ಅಂತೀವಿ ಅದನ್ನ. ಓಮ್ ಅಂದ್ರೆ ತಡೆ. ತಡೆ ಕಮ್ಮಿ ಆದಷ್ಟೂ ನೀರು ಜಾಸ್ತಿ ಸುರಿಯತ್ತೆ. ತೀರಾ ಕಮ್ಮಿ ಆದ್ರೆ ಮೋಟ್ರು ಸುಟ್ಟೋಗತ್ತೆ. ಮುಗೀತು, ನಿಂಗೆ ನನ್ನ ವಿದ್ಯೆ ಎಲ್ಲಾ ಬಂತು."

ಎರಡು ವರ್ಷ ಛಂದಸ್ಸಿನ ಪಾಠ ಕೇಳಿದ್ದೇನೆ. ಯಾರೂ ಇಷ್ಟು ಬೇಗ ಒಂದು ವಿಷಯವನ್ನು ನನ್ನ ತಲೆಯೊಳಗೆ ಇಟ್ಟಿರಲಿಲ್ಲ.

ಜೂನ್ 27, ಶುಕ್ರವಾರ

ಇವತ್ತು ಒಂದು ಗುಟ್ಟು ತಿಳಿಯಿತು. ಬೇರೆ ಯಾರಿಗೂ ಹೇಳುವಂತಿಲ್ಲ. ಇಲ್ಲಿ ಬರೆದರೆ ಹೇಳಿದಂತಲ್ಲ.

ಪ್ರತಿ ಆಂಪ್ ಡಬ್ಬದಲ್ಲೂ ಒಂದು ಚಿಕ್ಕ ಪುಸ್ತಕ ಇರುತ್ತದೆ, ಇಂಗ್ಲಿಷಿನಲ್ಲಿ. ಹೊಸ ಮಾಲು ಬಂದಾಗಲೆಲ್ಲ ಶೀನಣ್ಣ ಅದನ್ನು ನನ್ನ ಮುಂದೆ ಹಿಡಿದು, "ಕನ್ನಡಕ ತಂದಿಲ್ಲ ಯಮುನಮ್ಮ, ಸ್ವಲ್ಪ ಓದು" ಎನ್ನುತ್ತಾರೆ. ಆದರೆ ಬೆಳಿಗ್ಗೆ ಕನ್ನಡ ಪೇಪರನ್ನು ಕನ್ನಡಕವಿಲ್ಲದೆಯೇ ಓದುತ್ತಾರೆ, ಸಣ್ಣ ಜಾಹೀರಾತುಗಳನ್ನೂ ಬಿಡದೆ. ಇವತ್ತು ನಾನು ಓದುತ್ತ ಓದುತ್ತ ಕನ್ನಡದಲ್ಲೇ ಹೇಳಿದೆ. ಅವರು ಕೈಲಿದ್ದ ಇಕ್ಕಳ ಕೆಳಗಿಟ್ಟರು.

"ನಂದು ನಾಕನೇ ಕ್ಲಾಸು ಕಣಮ್ಮ. ಮೊದಲೆಲ್ಲ ಕ್ಯಾಸೆಟ್ ಪ್ಲೇಯರು, ಬೂಸ್ಟರು. ಕಣ್ಣು ಮುಚ್ಚಿ ಹಾಕ್ತಿದ್ದೆ. ಈಗ ಒಂದೊಂದು ಕಂಪ್ನಿದೂ ಒಂದೊಂದು ಥರ. ಕೈಲಿ ಮುಟ್ಟಿ, ಕಿವೀಲಿ ಕೇಳಿ ಹೆಂಗೋ ಸಂಭಾಳಿಸ್ಕೊಂಡು ಬಂದೆ. ಸಾಹೇಬ್ರಿಗೆ ಹೇಳ್ಬೇಡ. ಹದಿನೆಂಟು ವರ್ಷ ಆದ್ಮೇಲೆ ನಾಚಿಕೆ ಆಗತ್ತೆ."

ಹೇಳುವುದಿಲ್ಲ ಎಂದೆ. ಅವರು ಆಂಪ್ ಹಾಕಿದ ಮೇಲೆ ಹದಿನೈದು ನಿಮಿಷ ಹಾಡು ಬಿಟ್ಟು, ಅಂಗೈಯನ್ನು ಅದರ ಬೆನ್ನ ಮೇಲಿಟ್ಟು ನೋಡುತ್ತಾರೆ, ಮಗುವಿಗೆ ಜ್ವರ ಇದೆಯೇ ಎಂದು ಅಮ್ಮಂದಿರು ನೋಡುವ ಹಾಗೆ. ಕೈ ಒಪ್ಪಿದರೆ ಮಾತ್ರ ಕಾರು ಹೊರಗೆ ಹೋಗುತ್ತದೆ.

ಜುಲೈ 14, ಸೋಮವಾರ

ಆಷಾಢ. ಹೊಸ ಕಾರು ಯಾರೂ ತೆಗೆದುಕೊಳ್ಳುವುದಿಲ್ಲ. ಓಣಿಯ ತುಂಬ ಅಂಗಡಿಯವರು ಕೇರಂ ಆಡುತ್ತಾರೆ. ನಾನು ಅಂಗಡಿಯ ಬೀರುವಿನಲ್ಲಿದ್ದ ಆಂಪ್ ಪುಸ್ತಕಗಳನ್ನೆಲ್ಲ ಓದಿ, ಯಾವ ಆಂಪ್ ಎಷ್ಟು ತಡೆಯುತ್ತದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಶೀನಣ್ಣ ಪಕ್ಕದಲ್ಲಿ ಕೂತು ಒಂದೊಂದು ಪುಟವನ್ನೂ ಬೆರಳಿಟ್ಟು ಓದುತ್ತಾರೆ. "ಅಕ್ಷರ ನೋಡು, ಮುತ್ತು ಪೋಣಿಸಿದಂಗೆ" ಎಂದರು. ಕಾಲೇಜಿನಲ್ಲಿ ಚಿನ್ನದ ಪದಕ ಕೊಟ್ಟಾಗಲೂ ನನಗೆ ಮುಖ ಇಷ್ಟು ಬಿಸಿಯಾಗಿರಲಿಲ್ಲ.

ಜುಲೈ 31, ಗುರುವಾರ

ಶ್ರಾವಣ ಶುರುವಾಯಿತು. ಓಣಿಯಲ್ಲಿ ಕಾಲಿಡಲು ಜಾಗವಿಲ್ಲ.

ಮಧ್ಯಾಹ್ನ ಹೊಸ ಬಿಳಿ ಕಾರೊಂದು ಬಂತು. ಇನ್ನೂ ಸೀಟಿನ ಪ್ಲಾಸ್ಟಿಕ್ ತೆಗೆದಿರಲಿಲ್ಲ. ಅಭಿನಂದನ್ ಎಂದು ಹೆಸರು. ಅವನ ತಂದೆ ಸೈಟುಗಳ ವ್ಯಾಪಾರದವರು, ಮಾಲೀಕರಿಗೆ ಹಳೆಯ ಪರಿಚಯ. ಜೊತೆಗೆ ಮೂವರು ಸ್ನೇಹಿತರು. ಮುಂದೆ ಎರಡು ಸ್ಪೀಕರು, ಡಿಕ್ಕಿಯಲ್ಲಿ ಎರಡು ವೂಫರು ಬೇಕು. ನಾಲ್ಕೂವರೆಗೆ ಗುಡಿಯಲ್ಲಿ ಕಾರಿನ ಪೂಜೆ, ಅಷ್ಟರೊಳಗೆ ಮುಗಿಯಬೇಕು.

"ಎರಡು ಆಂಪ್ ಹಾಕ್ಬೇಕಾಗತ್ತೆ. ಬಾಗಿಲಿಗೊಂದು, ವೂಫರಿಗೇ ಅಂತ ಒಂದು" ಎಂದರು ಶೀನಣ್ಣ.

"ಡಿಕ್ಕಿ ತುಂಬ ಡಬ್ಬಾನೇ ಇಟ್ರೆ ಲಗೇಜ್ ಎಲ್ಲಿ ಇಡೋಣ ಗುರು?" ಎಂದು ಅಭಿನಂದನ್ ನನ್ನ ಕಡೆ ತಿರುಗಿದ. "ಮೇಡಂ ಏನಂತಾರೆ? ಅವ್ರೂ ಇಲ್ಲಿ ಇಂಜಿನಿಯರ್ರಾ?"

"ಕನ್ನಡ ಎಂ.ಎ. ಅಂತೆ ಮಚ್ಚಾ" ಎಂದ ಒಬ್ಬ ಸ್ನೇಹಿತ. ಎಲ್ಲರೂ ನಕ್ಕರು.

ನನಗೆ ಎಲ್ಲಿಂದ ಬಂತೋ. ಎದ್ದು ನಿಂತು ಹೇಳಿದೆ: "ಒಂದೇ ಸಾಕು. ನಾಲ್ಕು ಚಾನೆಲ್ಲಿಂದು. ಒಂದು, ಎರಡು ಮುಂದಿನ ಬಾಗಿಲಿಗೆ. ಮೂರು, ನಾಲ್ಕು ಬ್ರಿಡ್ಜ್ ಮಾಡಿ ಎರಡೂ ವೂಫರಿಗೆ. ಡಿಕ್ಕಿಯಲ್ಲಿ ಜಾಗ ಉಳಿಯತ್ತೆ, ಬಾಸೂ ಜೋರಾಗಿ ಬರತ್ತೆ." ಮೂರನೇ ಬೆಂಚಿಗೇನು, ಓಣಿಯ ಆಚೆಗೂ ಕೇಳಿಸಿರಬೇಕು. ನಗು ನಿಂತಿತು. ಅಭಿನಂದನ್, "ಮೇಡಂ ಹೇಳಿದಂಗೇ ಹಾಕಿ" ಎಂದ. ಮಾಲೀಕರು, "ನೋಡಿದ್ರಾ, ನಮ್ಮ ಹುಡುಗಿ" ಎಂದರು.

ಆಮೇಲೆ ಶೀನಣ್ಣ ನನ್ನನ್ನು ಡಿಕ್ಕಿಯ ಹತ್ತಿರ ಕರೆದರು. ಮೆಲ್ಲಗೆ ಹೇಳಿದರು: "ವೂಫರ್ ಒಂದೊಂದು ನಾಕು ಓಮು. ಎರಡೂ ಅಕ್ಕಪಕ್ಕ ಸೇರಿಸಿದ್ರೆ ಎರಡು ಓಮಾಗತ್ತೆ. ಬ್ರಿಡ್ಜ್ ಮಾಡ್ದಾಗ ಎರಡು ಓಮ್ ತಡ್ಯತ್ತಾ ಇದು? ಕೆಲವು ತಡೀತವೆ, ಕೆಲವು ತಡ್ಯಲ್ಲ. ಹೊಸ ಕಂಪ್ನಿ, ನಂಗೆ ಕೈಯಳತೆ ಇಲ್ಲ. ಬುಕ್ ನೋಡಮ್ಮ."

ಅದು ಇವತ್ತೇ ಬಂದ ಮಾಲು, ನನ್ನ ನೋಟ್‌ಬುಕ್ಕಿಗೆ ಇನ್ನೂ ಹತ್ತಿರಲಿಲ್ಲ. ಹನ್ನೊಂದನೇ ಪುಟ ತೆಗೆದು ಓದಿದೆ. ತಂತಿಯ ಚಿತ್ರ, ಯಾವುದನ್ನು ಎಲ್ಲಿಗೆ ಸೇರಿಸಬೇಕು ಎಂಬ ವಿವರ, ಎಲ್ಲ ಹೇಳಿದೆ. ಪುಟದ ತೀರಾ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು, ಬ್ರಿಡ್ಜ್ ಮಾಡಿದಾಗ ನಾಲ್ಕು ಓಮಿಗಿಂತ ಕಡಿಮೆ ಇರಕೂಡದು ಎಂದು. ಅಭಿನಂದನ್ ಗಡಿಯಾರ ನೋಡಿಕೊಳ್ಳುತ್ತಿದ್ದ. ಸ್ನೇಹಿತರು ನಮ್ಮ ಕಡೆಯೇ ನೋಡುತ್ತಿದ್ದರು.

"ಕೆಳಗೆ ಇನ್ನೇನಾದ್ರೂ ಇದ್ಯಾ?"

"ಇಲ್ಲ ಶೀನಣ್ಣ, ಅಷ್ಟೇ."

ಸಣ್ಣಕ್ಷರದ ಸಾಲುಗಳನ್ನು ಕಂಪನಿಯವರು ತಮ್ಮ ಕ್ಷೇಮಕ್ಕೆ ಹಾಕಿಕೊಂಡಿರುತ್ತಾರೆ. ಎಲ್ಲದಕ್ಕೂ ಹಾಗೆಯೇ ಬರೆಯುತ್ತಾರೆ.

ನಾಲ್ಕಕ್ಕೆ ಕೆಲಸ ಮುಗಿಯಿತು. ಹಾಡು ಹಾಕಿದಾಗ ಎದುರಂಗಡಿಯ ಗಾಜು ಅದುರಿತು. ಶೀನಣ್ಣ ಆಂಪ್ ಮೇಲೆ ಕೈಯಿಟ್ಟು ನಿಂತೇ ಇದ್ದರು. "ಬಿಸಿ ಜಾಸ್ತಿ ಕಣಮ್ಮ. ಕೈ ಯಾಕೋ ಒಪ್ತಿಲ್ಲ." ಮತ್ತೆ ಕೈಯಿಟ್ಟರು. "ಬುಕ್ಕಲ್ಲಿ ಇಲ್ಲ ಅಂದ್ಮೇಲೆ ಇರ್ಲಿ ಬಿಡು."

ಅಭಿನಂದನ್ ಹೋಗುವಾಗ ನನಗೆ ಕೈ ಮುಗಿದ. ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಗಟ್ಟಿಯಾಗಿ ಹೇಳಿದೆ. "ಯಾಕೇ ಕಿರುಚ್ತೀಯ?" ಎಂದಳು.

ಆಗಸ್ಟ್ 5, ಮಂಗಳವಾರ

ಹನ್ನೊಂದು ಗಂಟೆಗೆ ಬಿಳಿ ಕಾರು ವಾಪಸು ಬಂತು. ಡಿಕ್ಕಿ ತೆಗೆದರೆ ಸುಟ್ಟ ರಬ್ಬರಿನ ವಾಸನೆ. ಒಳಗಿನ ಕಾರ್ಪೆಟ್ಟು ಒಂದು ತಟ್ಟೆಯಷ್ಟಗಲ ಕರಗಿತ್ತು. ನಿನ್ನೆ ಸಂಜೆ ಹಿಂದಿನ ಸೀಟಿನಲ್ಲಿ ಅಭಿನಂದನನ ತಾಯಿ ಕೂತಿದ್ದರಂತೆ. ಬೆನ್ನ ಹಿಂದಿನಿಂದ ಹೊಗೆ ಬಂದಿದೆ. ಆಕೆ ಮೈಸೂರು ರಸ್ತೆಯ ನಡುವೆ ಬಾಗಿಲು ತೆಗೆದುಕೊಂಡು ಬರಿಗಾಲಲ್ಲಿ ಓಡಿದ್ದಾರೆ. ಯಾರಿಗೂ ಏನೂ ಆಗಲಿಲ್ಲ.

"ಏನ್ ಶೀನಣ್ಣ, ನಮ್ಮಮ್ಮನ್ನ ಸುಡಕ್ಕೆ ಹೊರಟಿದ್ರಾ? ಹದಿನೆಂಟು ವರ್ಷ ಕೆಲಸ ಮಾಡಿರೋ ಕೈಯಂತೆ ಇದು." ಅಭಿನಂದನ್ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

ಕಂಪನಿಯವನು ಬಂದು ಆಂಪ್ ಬಿಚ್ಚಿ ನೋಡಿದ. "ಔಟ್‌ಪುಟ್ ಹೋಗಿದೆ ಸಾರ್. ತಂತಿ ಎಳೆ ಎಲ್ಲೋ ತಾಗಿ ಶಾರ್ಟ್ ಆಗಿರ್ಬೇಕು, ಕೂಡಿಸ್ದವ್ರು ಸರಿಯಾಗಿ ಸುತ್ತಿಲ್ಲ" ಎಂದು ಹೇಳಿ ಹೋದ. ಮಾಲೀಕರು, "ಅದರ ಬುಕ್ಕೆಲ್ಲಮ್ಮ?" ಎಂದು ನನ್ನನ್ನು ಕೇಳಿದರು.

"ಗಿರಾಕಿಗೆ ಕೊಟ್ಟೆ ಅನ್ಸತ್ತೆ ಸಾರ್."

ಪುಸ್ತಕ ನನ್ನ ಮೇಜಿನ ಡ್ರಾಯರಿನಲ್ಲಿತ್ತು. ನನ್ನ ಮೊಣಕೈ ಅದೇ ಡ್ರಾಯರಿನ ಮೇಲಿತ್ತು.

ಊಟದ ಹೊತ್ತಿನಲ್ಲಿ ಶೀನಣ್ಣ ಹತ್ತಿರ ಬಂದರು. ಡಬ್ಬಿ ತೆಗೆದಿರಲಿಲ್ಲ.

"ಬುಕ್ಕಲ್ಲಿ ಏನೂ ಇರ್ಲಿಲ್ಲ ಅಲ್ವಾಮ್ಮ?"

"ಇರ್ಲಿಲ್ಲ ಶೀನಣ್ಣ."

"ಹಂಗಾದ್ರೆ ನನ್ನ ಕೈಯೇ" ಎಂದು ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು, ಬೇರೆ ಯಾರದೋ ವಸ್ತುವನ್ನು ನೋಡುವಂತೆ.

ಸಂಜೆ ಪುಸ್ತಕವನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬಂದೆ. ಮನೆಯ ಪುಸ್ತಕಗಳ ಬೀರುವಿನಲ್ಲಿ, ನಿಘಂಟಿನ ಹಿಂದೆ ಇಟ್ಟಿದ್ದೇನೆ.

ಆಗಸ್ಟ್ 6, ಬುಧವಾರ

ಮತ್ತೆ ಯೋಚಿಸಿದೆ. ಕೆಳಗಿನ ಸಾಲನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಅಷ್ಟು ಗಡಿಬಿಡಿ, ಅಷ್ಟು ಜನ. ಕಂಪನಿಯವನೇ ತಂತಿಯ ಎಳೆ ಎಂದಿದ್ದಾನೆ. ಅವನಿಗಿಂತ ನನಗೆ ಹೆಚ್ಚು ಗೊತ್ತೇ?

ಆಗಸ್ಟ್ 19, ಮಂಗಳವಾರ

ಶೀನಣ್ಣನಿಗೆ ಆಂಪ್ ಕೆಲಸ ಕೊಡುವುದನ್ನು ಮಾಲೀಕರು ನಿಲ್ಲಿಸಿದ್ದಾರೆ. ಬಯ್ಯಲಿಲ್ಲ. "ಸ್ವಲ್ಪ ದಿನ ಹಾರ್ನು, ಸೀಟ್ ಕವರ್ ನೋಡ್ಕೋ ಶೀನಾ" ಎಂದರು, ಹುಷಾರಿಲ್ಲದವರಿಗೆ ಗಂಜಿ ಕುಡಿ ಎನ್ನುವ ದನಿಯಲ್ಲಿ. ಆಂಪ್ ಹಾಕಲು ಪಕ್ಕದ ಅಂಗಡಿಯಿಂದ ಒಬ್ಬನನ್ನು ಕರೆಸುತ್ತಾರೆ.

ಹಾರ್ನಿನ ತಂತಿಯನ್ನು ಶೀನಣ್ಣ ಸುತ್ತುತ್ತಾರೆ, ಬಿಚ್ಚುತ್ತಾರೆ, ಮತ್ತೆ ಸುತ್ತುತ್ತಾರೆ. ಹತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆ. ಗಿರಾಕಿಗಳು ಗೊಣಗುತ್ತಾರೆ. ಇವತ್ತು ಒಬ್ಬರು, "ಏನಜ್ಜಾ, ಜಡೆ ಹೆಣಿತಿದೀಯಾ?" ಎಂದರು. ಮೊದಲಾಗಿದ್ದರೆ ಶೀನಣ್ಣನ ಬಾಯಿಂದ ಏನಾದರೊಂದು ಬರುತ್ತಿತ್ತು.

ನೋಟ್‌ಬುಕ್ಕು ಓದಲು ಅವರು ಬರುವುದಿಲ್ಲ. ನಾನೂ ಕರೆಯುವುದಿಲ್ಲ. ಅವರಿಗೇ ಮುಜುಗರವಾಗಬಹುದು.

ಆಗಸ್ಟ್ 27, ಬುಧವಾರ

ಶೀನಣ್ಣ ಕೆಲಸ ಬಿಟ್ಟರು. ಗಣೇಶನ ಹಬ್ಬಕ್ಕೆ ಮೈಕ್ ಸೆಟ್ ಬಾಡಿಗೆ ಕೊಡುವವರ ಹತ್ತಿರ ಹೋಗುತ್ತಾರಂತೆ. ಅವರ ಸ್ಟೂಲನ್ನು ನನ್ನ ಮೇಜಿನ ಪಕ್ಕಕ್ಕೆ ಎಳೆದುಕೊಂಡೆ, ಗಿರಾಕಿಗಳು ಕೂರಲು ಅನುಕೂಲ.

ಸೆಪ್ಟೆಂಬರ್ 11, ಗುರುವಾರ

ಕೆಲಸ ಚೆನ್ನಾಗಿ ನಡೆಯುತ್ತಿದೆ. ಯಾವ ಕಾರಿಗೆ ಯಾವ ಆಂಪ್ ಎಂದು ತೀರ್ಮಾನಿಸುವುದು ಈಗ ಪೂರ್ತಿ ನನ್ನ ಜವಾಬ್ದಾರಿ. ಗಿರಾಕಿ ಕಾರಿನಿಂದ ಇಳಿಯುವ ರೀತಿಯಲ್ಲೇ ಅರ್ಧ ತಿಳಿಯುತ್ತದೆ. ಬಾಗಿಲನ್ನು ದಢ್ ಎಂದು ಹಾಕುವವರು ವೂಫರಿನವರು. ಕರ್ಚೀಫಿನಿಂದ ಕನ್ನಡಿ ಒರೆಸುವವರಿಗೆ ವ್ಯಾಟಿನ ಅಂಕಿ ದೊಡ್ಡದಿದ್ದರೆ ಸಾಕು. ಮಾತಾಡಲು ನನಗೆ ಈಗ ಯೋಚಿಸಬೇಕಾಗುವುದೇ ಇಲ್ಲ.

ಇವತ್ತು ಬಸವನಗುಡಿಯಿಂದ ವಾದಿರಾಜ ಎಂಬ ನಿವೃತ್ತ ಮೇಷ್ಟರು ಹಳೆಯ ಮಾರುತಿಯಲ್ಲಿ ಬಂದಿದ್ದರು. ಹರಿಕಥೆಯ ಕ್ಯಾಸೆಟ್ಟುಗಳಿವೆ, ಮಾತು ಸ್ಪಷ್ಟವಾಗಿ ಕೇಳಿದರೆ ಸಾಕು ಎಂದರು.

"ಹಾಗಿದ್ರೆ ನಾಲ್ಕು ಚಾನೆಲ್ ಆಂಪ್ ಹಾಕಿಸ್ಬಿಡಿ ಸಾರ್. ಜೊತೆಗೆ ವೂಫರಿಗೆ ಬೇರೆ ಒಂದು."

"ವೂಫರ್ ಯಾತಕ್ಕಮ್ಮ? ಹರಿಕಥೇಲಿ ಮೃದಂಗ ಒಂದೇ ಅಲ್ವೇ ಇರೋದು."

"ಚಿಕ್ಕದು ಹಾಕಿದ್ರೆ ಲೋಡ್ ತಡ್ಯಲ್ಲ ಸಾರ್. ಇಲ್ಲಿ ಮುಂಚೆ ಒಬ್ಬರು ಮೆಕ್ಯಾನಿಕ್ ಇದ್ರು. ಸರಿಯಾಗಿ ಹಾಕದೆ ಕಾರಲ್ಲಿ ಹೊಗೆ ಬಂದು, ಒಬ್ಬ ಹೆಂಗಸು ಬೀದೀಲಿ ಓಡ್ಬೇಕಾಯ್ತು. ನಿಮ್ಮನೆಯವ್ರೂ ಹಿಂದೆ ಕೂರ್ತಾರಲ್ಲ, ಅದಕ್ಕೇ ಹೇಳ್ತಿದೀನಿ."

ಮೇಷ್ಟರ ಮುಖ ಬಿಳುಪೇರಿತು. ಎರಡನ್ನೂ ಹಾಕಿಸಿಕೊಂಡರು. ಮಾಲೀಕರು ಸಂಜೆ ಮೈಸೂರು ಪಾಕು ತರಿಸಿದರು. ಈ ಹೊಗೆಯ ಕಥೆ ಹೇಳಿದರೆ ಗಿರಾಕಿಗಳು ಬೇಗ ಒಪ್ಪುತ್ತಾರೆ. ಇದು ನಾಲ್ಕನೆಯ ಸಲ.

ಸೆಪ್ಟೆಂಬರ್ 24, ಬುಧವಾರ

ಬೊಂಬೆ ಕೂರಿಸಲು ಜರಿ ಕಾಗದ ಬೇಕೆಂದು ಅಮ್ಮ ಬಳೇಪೇಟೆಗೆ ಕಳಿಸಿದಳು. ಕಾಗದ ಕೊಂಡು ತಿರುಗುವಷ್ಟರಲ್ಲಿ ಟಪ್ ಎಂಬ ಸದ್ದು ಕೇಳಿತು. ಕೈಗಾಡಿಗಳ ಗದ್ದಲದಲ್ಲೂ ಅದು ಯಾವುದರ ಸದ್ದೆಂದು ನನಗೆ ಗೊತ್ತು.

ಮೈಕ್ ಸೆಟ್ಟಿನ ಅಂಗಡಿಯ ಮೆಟ್ಟಿಲ ಮೇಲೆ ಶೀನಣ್ಣ ಕೂತಿದ್ದರು. ತೊಡೆಯ ಮೇಲೆ ಸ್ಪೀಕರು, ಕೈಯಲ್ಲಿ ಸೆಲ್ಲು. ತಂತಿ ಮುಟ್ಟಿಸಿ, ಒಳಗೆ ತಿರುಗಿ, "ಮುನಿಯಕ್ಕಾ, ಇದು ಮುಂದೆ ಬಂತಾ ಹಿಂದೆ ಹೋಯ್ತಾ, ಸ್ವಲ್ಪ ನೋಡು" ಎಂದರು.

ಅಂಗಡಿಯೊಡತಿ ಮುನಿಯಕ್ಕ ಎಲೆಅಡಿಕೆ ಮೆಲ್ಲುತ್ತ ಹೊರಗೆ ಬಂದರು. "ಮೂರು ಸಲ ಮುಂದೆ ಬಂತು ಕಣಪ್ಪಾ. ನಾಕನೇ ಸಲಕ್ಕೆ ಅದು ಬೇಜಾರಾಗಿ ಹಿಂದೆ ಹೋಗತ್ತೆ."

ನಾನು ಹಾಗೇ ಹೋಗಿಬಿಡಬಹುದಿತ್ತು. ಅವರೇ ನೋಡಿದರು. "ಯಮುನಮ್ಮ" ಎಂದು ಎದ್ದು ನಿಂತರು. ಕೂರಲು ಮೆಟ್ಟಿಲನ್ನು ಟವೆಲಿನಿಂದ ಒರೆಸಿದರು. ಟೀ ತರಿಸಿದರು. ಕಾಲೇಜಿನ ಕೆಲಸ ಸಿಕ್ಕಿತೇ ಎಂದು ಕೇಳಿದರು. ಸ್ಟೀರಿಯೋ ಅಂಗಡಿಯಲ್ಲೇ ಇದ್ದೇನೆ ಎಂದೆ.

"ಒಳ್ಳೇದಾಯ್ತು. ಆಂಪ್‌ದೆಲ್ಲ ನೀನೇ ಹೇಳೋದಂತೆ ಈಗ? ಕೇಳ್ದೆ. ಓದಿದವಳು, ತಪ್ಪಾಗಲ್ಲ."

ಮುನಿಯಕ್ಕ ನಡುವೆ ಬಾಯಿ ಹಾಕಿದರು. "ನೀವಾದ್ರೂ ಹೇಳಿ ಮೇಡಂ. ದಸರಾಕ್ಕೆ ಅಂತ ಹೊಸ ಆಂಪ್ ತಂದು ಹದಿನೈದು ದಿನ ಆಯ್ತು, ಡಬ್ಬದಲ್ಲೇ ಕೊಳೀತಿದೆ. ಮುಟ್ಟಲ್ಲ ಅಂತಾರೆ ಈ ಯಜಮಾನ್ರು. ಹಬ್ಬ ಮುಗಿಯೋವರೆಗೂ ನೋಡ್ತೀನಿ. ಆಮೇಲೆ ಬೇರೆಯವ್ರನ್ನ ಕರೀತೀನಿ. ಇವ್ರನ್ನ ಇಟ್ಕೊಂಡು ನಾನು ಪೂಜೆ ಮಾಡ್ಲಾ?"

ಅವರು ಒಳಗೆ ಹೋದ ಮೇಲೆ ಶೀನಣ್ಣ ಮೆಲ್ಲಗೆ ಹೇಳಿದರು: "ಆ ಹೆಂಗಸು ರಸ್ತೇಲಿ ಓಡಿದ್ದು ನಂಗೆ ಕಣ್ಣಿಂದ ಹೋಗಲ್ಲ ಕಣಮ್ಮ. ನಾನು ನೋಡಿಲ್ಲ, ಆದ್ರೂ ಕಾಣತ್ತೆ. ಎಳೆ ಎಲ್ಲಿ ಬಿಟ್ಟೆ ಅಂತ ದಿನಾ ಯೋಚ್ನೆ ಮಾಡ್ತೀನಿ. ಗೊತ್ತೇ ಆಗಲ್ಲ. ಗೊತ್ತಾಗಿದ್ರೆ ಮುಂದಿನ ಸಲ ಹುಷಾರಾಗಿರ್ಬೋದಿತ್ತು. ಎಲ್ಲಿ ತಪ್ಪಿದ್ದು ಅಂತ್ಲೇ ಗೊತ್ತಿಲ್ದಿದ್ರೆ ಕೈನ ಹೆಂಗೆ ನಂಬೋದು?"

ಆಮೇಲೆ ಒಳಗಿನಿಂದ ಹೊಸ ಆಂಪಿನ ಪುಸ್ತಕ ತಂದರು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟಿದ್ದರು. "ಇದನ್ನೊಂದು ಓದಿ ಹೇಳ್ತೀಯಾ? ನೀನು ಓದಿದ್ರೆ ನಂಗೆ ಧೈರ್ಯ."

ಹಬ್ಬದ ಕೆಲಸವಿದೆ, ಕಳೆದ ಮೇಲೆ ಬರುತ್ತೇನೆ ಎಂದೆ. "ಆಯ್ತಮ್ಮ, ಹಬ್ಬ ಆದ ಸೋಮವಾರ ಬಾ" ಎಂದು ಪುಸ್ತಕವನ್ನು ಮತ್ತೆ ಚೀಲದಲ್ಲಿ ಸುತ್ತಿದರು. ಟೀ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಬಿಸಿಲಿತ್ತು. ಟೀಗೆ ಸಕ್ಕರೆಯೂ ಜಾಸ್ತಿಯಾಗಿತ್ತು.

ಹೋಗುವುದಿಲ್ಲ. ಅಂಗಡಿಯಲ್ಲಿ ಆಯುಧಪೂಜೆಯ ನಂತರ ಕೆಲಸ ಜಾಸ್ತಿ ಇರುತ್ತದೆ.

ಅಕ್ಟೋಬರ್ 5, ಭಾನುವಾರ

ಗುರುವಾರ ಸರಸ್ವತಿ ಪೂಜೆ. ಅಮ್ಮ ನಾನು ಸ್ನಾನಕ್ಕೆ ಹೋದಾಗ ಬೀರುವಿನಿಂದ ಕೈಗೆ ಸಿಕ್ಕ ಪುಸ್ತಕಗಳನ್ನೆಲ್ಲ ತೆಗೆದು ಬೊಂಬೆಗಳ ಮುಂದೆ ಜೋಡಿಸಿಬಿಟ್ಟಿದ್ದಳು. ಈ ಡೈರಿಯೂ ಅದರಲ್ಲಿತ್ತು. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ, ಹಾಗಾಗಿ ಮೂರು ದಿನ ಬರೆಯಲಿಲ್ಲ.

ನಿನ್ನೆ ಅಂಗಡಿಯಲ್ಲಿ ಆಯುಧಪೂಜೆ. ಬಾಳೆಲೆಯ ಮೇಲೆ ಸ್ಕ್ರೂ ಡ್ರೈವರ್, ಇಕ್ಕಳ, ಡ್ರಿಲ್ಲು ಸಾಲಾಗಿ ಇಟ್ಟಿದ್ದರು. ಒಂದು ಹಳೆಯ ಬೆಸುಗೆ ಕಡ್ಡಿಗೆ ಮಾಲೀಕರು ತಾವೇ ಕುಂಕುಮ ಹಚ್ಚಿ, "ಶೀನಂದು. ಬಿಟ್ಟೇ ಹೋಗಿದಾನೆ ನೋಡು" ಎಂದರು. ಅದನ್ನು ಸ್ವಲ್ಪ ಮಧ್ಯಕ್ಕೆ ಸರಿಸಿದರು.

ಇವತ್ತು ಬೆಳಿಗ್ಗೆ ಅಮ್ಮ ಮಂಗಳಾರತಿ ಮಾಡಿ, ರಾಶಿಯ ಮೇಲಿನ ಪುಸ್ತಕವನ್ನು ತೆಗೆದು ನನ್ನ ಕೈಗೆ ಕೊಟ್ಟಳು. ಪೂಜೆಯಿಂದ ತೆಗೆದ ಪುಸ್ತಕವನ್ನು ಎರಡು ಸಾಲಾದರೂ ಗಟ್ಟಿಯಾಗಿ ಓದಬೇಕು, ಚಿಕ್ಕಂದಿನಿಂದ ನಮ್ಮ ಮನೆಯಲ್ಲಿ ಹಾಗೆ. ನೋಡಿದರೆ ಆ ಆಂಪಿನ ಪುಸ್ತಕ. ಮೇಲೆ ಅರಿಸಿನ, ಕುಂಕುಮ, ಒಣಗಿದ ಸೇವಂತಿಗೆಯ ಒಂದು ಎಸಳು.

"ಇದು ಪುಸ್ತಕ ಅಲ್ಲಮ್ಮ" ಎಂದೆ.

"ಅಕ್ಷರ ಇದೆ ತಾನೆ? ಓದು. ದೇವ್ರ ಮುಂದೆ ಮೂರು ದಿನ ಕೂತಿದೆ ಅದು."

ಹನ್ನೊಂದನೇ ಪುಟ ತಾನಾಗಿ ತೆರೆಯಿತು, ಅಲ್ಲಿಯೇ ಮಡಿಸಿ ಇಟ್ಟಿದ್ದೆ. ನಾನು ಮೇಲಿನ ಎರಡು ಸಾಲು ಓದಿದೆ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಕೈ ಮುಗಿದುಕೊಂಡು ಕೇಳಿದಳು. "ಮುಗೀತಾ? ಕೆಳಗೆ ಇನ್ನೇನೋ ಇದ್ಯಲ್ಲೇ, ಸಣ್ಣಕ್ಕೆ" ಎಂದಳು.

ಅಡುಗೆಮನೆಯಲ್ಲಿ ಹಾಲು ಉಕ್ಕಿತು, ಅವಳು ಎದ್ದು ಹೋದಳು.

ಆಮೇಲೆ ಈ ಡೈರಿಯನ್ನು ತೆಗೆದೆ. ಇದರ ಮೇಲೂ ಕುಂಕುಮ. ಆ ಸಾಲನ್ನು ನಾನು ನೋಡಿರಲಿಲ್ಲ ಎಂದು ಬರೆದಿದ್ದ ಪುಟ ನೆನಪಿತ್ತು, ಅದನ್ನು ನೋಡಿದರೆ ಸಮಾಧಾನವಾಗಬಹುದೆಂದು ಹುಡುಕಿದೆ. ಸಿಕ್ಕಿತು, ಆಗಸ್ಟ್ ಆರು. ಅದರ ಹಿಂದಿನ ಹಾಳೆಗಳನ್ನು ತಿರುಗಿಸಿದೆ. ಜುಲೈ ಮೂವತ್ತೊಂದು. ಆ ಸಾಲನ್ನು ಕನ್ನಡದಲ್ಲಿ, ಪೂರ್ತಿಯಾಗಿ, ನಾನೇ ಬರೆದಿಟ್ಟಿದ್ದೇನೆ. ನಾಲ್ಕು ಓಮಿಗಿಂತ ಕಡಿಮೆ ಇರಕೂಡದು. ದುಂಡಗಿನ ಅಕ್ಷರ. ಮುತ್ತು ಪೋಣಿಸಿದ ಹಾಗೆ.

ಎರಡು ತಿಂಗಳಿಂದ ಆ ಮನುಷ್ಯ ಇಲ್ಲದ ಎಳೆಯೊಂದನ್ನು ಹುಡುಕುತ್ತಿದ್ದಾರೆ. ಅವರ ಕೈ ಅವತ್ತೇ ಸರಿಯಾಗಿ ಹೇಳಿತ್ತು. ಅದು ಗೊತ್ತಿರುವವಳು ನಾನೊಬ್ಬಳೇ. ನಾನು ಆ ಹೊಗೆಯನ್ನು ಮಾರಿಕೊಂಡು ಮೈಸೂರು ಪಾಕು ತಿಂದಿದ್ದೇನೆ.

ಹೇಳಿದರೆ ಅವರು ಬಯ್ಯುವುದಿಲ್ಲ, ಅದು ನನಗೆ ಗೊತ್ತು. ಇನ್ನೊಂದು ಸಲ ನನ್ನ ಮುಂದೆ ಪುಸ್ತಕ ಹಿಡಿಯುವುದೂ ಇಲ್ಲ. ಮೆಟ್ಟಿಲನ್ನು ಟವೆಲಿನಿಂದ ಒರೆಸುವುದೂ ಇಲ್ಲ. ಸುದ್ದಿ ಓಣಿಗೆ ಬರಲು ಎರಡು ದಿನ ಸಾಕು, ಮಾಲೀಕರಿಗೆ ನಾನೇ ಮೊದಲು ಹೇಳಬೇಕಾಗುತ್ತದೆ. ಮೇಷ್ಟರ ಮನೆ ಬಸವನಗುಡಿಯಲ್ಲಿ ಎಲ್ಲಿ ಎಂದು ಬಿಲ್ಲು ಪುಸ್ತಕದಲ್ಲಿದೆ, ಅಲ್ಲಿಗೂ ಹೋಗಬೇಕು.

ನಾಳೆ ಸೋಮವಾರ, ಶೀನಣ್ಣ ಬಾ ಎಂದಿದ್ದ ದಿನ. ಆಂಪಿನ ಪುಸ್ತಕವನ್ನೂ ಈ ಡೈರಿಯನ್ನೂ ಒಂದೇ ಬ್ಯಾಗಿನಲ್ಲಿ ಇಟ್ಟಿದ್ದೇನೆ. ಡೈರಿ ಕನ್ನಡದಲ್ಲಿದೆ, ಅವರೇ ಓದಿಕೊಳ್ಳಬಹುದು. ಪುಸ್ತಕವನ್ನು ನಾನು ಓದುತ್ತೇನೆ, ಕೆಳಗಿನ ಸಾಲಿನಿಂದ ಶುರುಮಾಡಿ.